ಜುವಾವುವಿನ ಬದಲಿಗೆ

ಜಿಂಬಾಬ್ವೆಯಲ್ಲಿ ಬಿಳಿಯರ ಹೊಲಗಳನ್ನು ಕಿತ್ತುಕೊಳ್ಳುತ್ತಿದ್ದ ಕಾಲ. ಮರೊಂಡೆರಾದ ಹೊಲಮನೆಯಿಂದ ಹೊರಹಾಕಿದ ದಿನ ರಾಯ್ಡನ್ ಅಳಲಿಲ್ಲ, ಯಾರನ್ನೂ ಬೈಯಲೂ ಇಲ್ಲ. ಗೇಟಿನ ಹೊರಗೆ ಕೊಡಲಿ ಹಿಡಿದು ಹಾಡುತ್ತಿದ್ದ ಗುಂಪಿನ ನಡುವೆಯೇ ಲಾರಿ ನಡೆಸಿಕೊಂಡು ಬಂದ. ಆಮೇಲೆ ಹರಾರೆಯಲ್ಲಿ, ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ, ತಿಂಗಳುಗಟ್ಟಲೆ ಅಂಗಾತ ಮಲಗಿ ಸೂರು ನೋಡಿದ. ಹೆಂಡತಿ ಮೆರ್ಲ್‌ಗೆ ಕೊಡಲಿಗಳಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಆ ತಿಂಗಳುಗಳು. ಹಾಗಾಗಿ ಗಡಿಯಾಚೆ ಮೊಜಾಂಬಿಕ್‌ನಲ್ಲಿ ಹೊಗೆಸೊಪ್ಪು ಬೆಳೆಯುವವರಿಗೆ ಭೂಮಿ ಕೊಡುತ್ತಾರಂತೆ ಎಂಬ ಸುದ್ದಿ ಬಂದು ಅವನು ಎದ್ದು ಗಡ್ಡ ಹೆರೆದುಕೊಂಡಾಗ, ಆ ಭೂಮಿ ಯಾರದು ಎಂದು ಕೇಳುವ ಮನಸ್ಸು ಅವಳಿಗಾಗಲಿಲ್ಲ. ಗಂಡ ಎದ್ದನಲ್ಲ, ಅಷ್ಟೇ ಸಾಕಾಗಿತ್ತು.

ಮೇ ತಿಂಗಳಲ್ಲಿ ಗಡಿ ದಾಟಿದರು. ಗಂಡ, ಹೆಂಡತಿ, ಹತ್ತು ವರ್ಷದ ಮಗಳು ಬ್ರಯನಿ, ರಾಯ್ಡನ್‌ನ ಅಪ್ಪ ಹೊರೇಸ್. ಜೊತೆಗೆ ಮರೊಂಡೆರಾದಲ್ಲಿ ಮೇಸ್ತ್ರಿಯಾಗಿದ್ದ ತಪೇರಾ. ಸಿಕ್ಕ ಜಾಗ ನ್ಯಾದಿರಿ ಹೊಳೆಯ ದಂಡೆಯ ಕುರುಚಲು ಕಾಡು. ಒಂದು ಕಾಲಕ್ಕೆ ಯಾವನೋ ಪೋರ್ಚುಗೀಸನ ತೋಟವಾಗಿತ್ತಂತೆ; ಈಗ ಅವನ ಮನೆಯ ನಡುಕೋಣೆಯಲ್ಲಿ ಅತ್ತಿಮರ ಬೆಳೆದಿತ್ತು. ಯುದ್ಧಕಾಲದಲ್ಲಿ ನೆಲದಲ್ಲಿ ಹುಗಿದ ಸಿಡಿಮೈನುಗಳನ್ನೆಲ್ಲ ತೆಗೆದಾಗಿದೆ ಎಂದು ಪೇಟೆಯವರು ಹೇಳಿದ್ದರೂ ಮೊದಲ ಸಲ ಉಳುವಾಗ ತಪೇರಾ ಟ್ರ್ಯಾಕ್ಟರಿನ ಸೀಟಿನ ಕೆಳಗೆ ಮರಳು ಚೀಲ ಕಟ್ಟಿಕೊಂಡ. ಅವನು ಸಾಲಿನ ತುದಿ ಮುಟ್ಟಿ ತಿರುಗುವ ತನಕ ಮೆರ್ಲ್ ಡೇರೆಯ ಮುಂದೆ ಮಗಳ ಕಿವಿ ಮುಚ್ಚಿಕೊಂಡು ನಿಂತಿರುತ್ತಿದ್ದಳು. ಹಾಗೆ ಎಷ್ಟೋ ದಿನ ನಿಂತಳು. ಏನೂ ಸಿಡಿಯಲಿಲ್ಲ.

ಅಲ್ಲಿ ಜೂನ್, ಜುಲೈ ಎಂದರೆ ಚಳಿಗಾಲ; ಅದೆಲ್ಲ ಬೇರು ಕೀಳುವುದರಲ್ಲೇ ಹೋಯಿತು. ಮೈಯೆಲ್ಲ ಮುಳ್ಳಿನ ಗೀರು, ನೀರಿಗೆ ಕೆಸರಿನ ವಾಸನೆ, ಊಟಕ್ಕೆ ಸದ್ಜಾ ಮುದ್ದೆ ಮತ್ತು ಒಣಮೀನು. ಆದರೂ ರಾಯ್ಡನ್ ಸಿಳ್ಳೆ ಹಾಕತೊಡಗಿದ್ದ.

ಆಗಸ್ಟ್‌ನಲ್ಲಿ ಸಸಿಮಡಿಗೆ ನೀರು ಬೇಕಾಯಿತು. ರಾಯ್ಡನ್ ಹೊಳೆಗೆ ಅಡ್ಡಲಾಗಿ ಮಣ್ಣಿನ ಚೀಲ ಜೋಡಿಸಿ ಕಟ್ಟೆ ಹಾಕಿಸಿದ. ಕಟ್ಟೆಯ ಕೆಳಗೆ, ತಿರುವಿನಲ್ಲಿ, ಒಂದು ಚಿಕ್ಕ ಹೊಲವಿತ್ತು: ಸಿಹಿಗೆಣಸು, ಕುಂಬಳ, ಸೊಪ್ಪಿನ ಪಾತಿ. ಸರ್ಕಾರ ಕೊಟ್ಟ ನಕ್ಷೆಯಲ್ಲಿ ಅದು ಇರಲಿಲ್ಲ. ಹತ್ತು ದಿನದಲ್ಲಿ ಸೊಪ್ಪಿನ ಪಾತಿ ಹಳದಿಗೆ ತಿರುಗಿತು. ಆಮೇಲೊಂದು ಬೆಳಿಗ್ಗೆ ನೋಡಿದರೆ ಕಟ್ಟೆ ಒಡೆದಿತ್ತು. ಒಡೆದವನು ಓಡಿಹೋಗಿರಲಿಲ್ಲ. ಮೊಣಕಾಲವರೆಗೆ ಕೆಸರು ಮಾಡಿಕೊಂಡು ಉಳಿದ ಚೀಲಗಳ ಮೇಲೆಯೇ ಕೂತಿದ್ದ. ಮೂವತ್ತರ ಆಸುಪಾಸಿನ ಗಂಡಸು. ಹೆಸರು ಜುವಾವು.

"ಇದೇನು ನಿಮ್ಮಪ್ಪನ ಹೊಳೆನಾ?" ಎಂದು ರಾಯ್ಡನ್ ಕೂಗಿದ. ಶೋನಾ ಅವನಿಗೆ ಆಯಾಳ ಬೆನ್ನ ಮೇಲಿದ್ದಾಗಲೇ ಬಂದ ಮಾತು. ಗಡಿಯ ಈಚೆಗೂ ಅದೇ ನುಡಿ, ರಾಗ ಮಾತ್ರ ಬೇರೆ.

"ಹೂಂ, ನಮ್ಮಪ್ಪಂದೇ. ಇಲ್ಲೇ ಮುಳುಗಿ ಸತ್ತ," ಅಂದ ಜುವಾವು. "ನಿಮ್ಮಪ್ಪಂದು ಎಲ್ಲಿದೆ? ಅಲ್ಲಿಂದ ಒದ್ದು ಓಡಿಸಿದ್ರು ಅಂತ ಇಲ್ಲಿಗೆ ಬಂದ್ರಾ?"

ಕೂಲಿಯವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ರಾಯ್ಡನ್ ಹೋಗಿ ಅವನ ಅಂಗಿ ಹಿಡಿದು ನೀರಿಗೆ ತಳ್ಳಿದ. ಜುವಾವು ಎದ್ದು, ಬಾಯಲ್ಲಿದ್ದ ಕೆಸರು ಉಗಿದು, ಎಲ್ಲರಿಗೂ ಕೇಳುವಂತೆ ಹೇಳಿದ: "ನಿನ್ನ ಸೊಪ್ಪೆಲ್ಲಾ ಸುಟ್ಟು ಬೂದಿಯಾಗ್ಲಿ!"

ಮರುದಿನ ಮೆರ್ಲ್ ಒಬ್ಬಳೇ ಆ ಹೊಲಕ್ಕೆ ಹೋದಳು. ಜುವಾವುವಿನ ತಾಯಿ ಜೆಫಾ ಗೆಣಸಿನ ಬಳ್ಳಿ ತಿರುವಿ ಹಾಕುತ್ತಿದ್ದಳು. ತೆಳ್ಳಗಿನ ಮುದುಕಿ. ತಲೆಯೆತ್ತಲಿಲ್ಲ.

"ಅಂಬುಯಾ," ಎಂದು ಮೆರ್ಲ್ ಅಜ್ಜಿಯನ್ನು ಕರೆಯುವ ಹಾಗೆ ಕರೆದಳು, "ಇಲ್ಲಿ ನೀವಿದ್ದೀರಿ ಅಂತ ನಮಗೆ ಗೊತ್ತಿರಲಿಲ್ಲ."

"ನಕ್ಷೆ ಬರೆಯೋಕೆ ಬಂದ ಸಾಹೇಬ್ರು ನಮ್ಮ ಮನೇಲೇ ಉಂಡ್ರು," ಅಂದಳು ಜೆಫಾ. "ಆಮೇಲೆ ಇಲ್ಲಿ ಯಾರೂ ಇಲ್ಲ ಅಂತ ಬರೆದ್ರಂತೆ. ನನ್ನ ಸದ್ಜಾ ರುಚಿಯಾಗಿರಲಿಲ್ವೇನೋ."

ಮೆರ್ಲ್‌ಗೆ ನಗು ಬಂತು. ಮುದುಕಿ ನಗಲಿಲ್ಲ. ಯುದ್ಧದಲ್ಲಿ ಊರು ಬಿಟ್ಟು ಓಡಿ, ಜಿಂಬಾಬ್ವೆಯ ಶಿಬಿರದಲ್ಲಿ ವರ್ಷಗಟ್ಟಲೆ ಸಾಲಿನಲ್ಲಿ ನಿಂತು ಜೋಳ ಪಡೆದು, ಗಂಡನೂ ಮಗನೂ ತಾನೂ ನಡೆದೇ ವಾಪಸು ಬಂದದ್ದನ್ನು ಅವಳು ಕೆಲಸ ನಿಲ್ಲಿಸದೆ ಹೇಳಿದಳು. "ನಿಮ್ಮ ದೇಶದ ಅನ್ನ ತಿಂದಿದೀನಿ. ಅದಕ್ಕೇ ನೀರು ಬಿಡು ಅಂತ ಕೇಳ್ತಿದೀನಿ. ಇಲ್ಲಾಂದ್ರೆ ಕೇಳ್ತಿರಲಿಲ್ಲ."

ಮೆರ್ಲ್ ಗಂಡನನ್ನು ಒಪ್ಪಿಸಿದಳು. ಕಟ್ಟೆಗೆ ಒಂದು ಕಂಡಿ ಬಿಟ್ಟರು. ಜುವಾವುಗೆ ಕೆಲಸವನ್ನೂ ಕೊಟ್ಟರು. ಅದು ಮೆರ್ಲ್‌ಳ ಹಟ. "ಹೊರಗಿದ್ದು ಕಲ್ಲು ಹೊಡೆಯೋದಕ್ಕಿಂತ ಒಳಗಿರ್ಲಿ," ಅಂದಿದ್ದಳು.

ನವೆಂಬರ್‌ನಲ್ಲಿ ಮಳೆ ಚೆನ್ನಾಗಿ ಹಿಡಿಯಿತು. ಸಸಿ ನಾಟಿಯಾಯಿತು, ಎದೆಯುದ್ದ ಬೆಳೆಯಿತು. ಇಟ್ಟಿಗೆ ಸುಟ್ಟು ಎರಡು ಕೋಣೆಯ ಮನೆಯನ್ನೂ ಸೊಪ್ಪು ಬೇಯಿಸುವ ಮೂರು ಬ್ಯಾರನ್‌ಗಳನ್ನೂ ಕಟ್ಟಿದರು. ಜನವರಿಗೆ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ಏರಿಸತೊಡಗಿದರು. ಹೊರಗಿನ ಒಲೆಗೆ ಸೌದೆ ಹಾಕಿ, ಒಳಗೆ ಶಾಖ ಒಯ್ಯುವ ಕಬ್ಬಿಣದ ಕೊಳವೆ ಅತಿಯಾಗಿ ಕಾಯದಂತೆ ಬೆಂಕಿ ನೋಡಿಕೊಳ್ಳುವ ಕೆಲಸ ಜುವಾವುವಿನ ಪಾಲಿಗೆ ಬಂತು. ಕಲಿಸಿದವನು ಹೊರೇಸ್.

ಮುದುಕ ಐವತ್ತು ವರ್ಷ ಬ್ಯಾರನ್ ಬೆಂಕಿ ನೋಡಿದವನು. ಈಗ ಅವನ ತಲೆಯಲ್ಲಿ ಒಂದೊಂದೇ ದೀಪ ಆರುತ್ತಿತ್ತು. ಬೆಳಿಗ್ಗೆ ಎದ್ದು ಸತ್ತ ಹೆಂಡತಿಯನ್ನು ಕಾಫಿಗೆ ಕೂಗುತ್ತಿದ್ದ. ಜುವಾವುವನ್ನು, ಮರೊಂಡೆರಾದಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದ ಮುಸಾ ಎಂದೇ ತಿಳಿದುಕೊಂಡಿದ್ದ. ಜುವಾವು ತಿದ್ದಲು ಹೋಗಲಿಲ್ಲ; ಮುಸಾ ಎಂದರೆ ಓಗೊಡುತ್ತಿದ್ದ. ಮುದುಕನನ್ನು ಅವನು ಸೆಕುರು, ಅಂದರೆ ಅಜ್ಜ, ಎಂದು ಕರೆಯುತ್ತಿದ್ದ.

"ಮುಸಾ, ಕೊಳವೆ ಕೆಂಪಾಯ್ತು ನೋಡೋ, ಕತ್ತೆ!"

"ಸೆಕುರು, ಕೆಂಪಾಗಿರೋದು ನಿಮ್ಮ ಮೂಗು. ಕೊಳವೆ ಕಪ್ಪಗೇ ಇದೆ."

"ನಿಂಗೆ ಹೆಂಡತಿ ಇದ್ದಿದ್ರೆ ಬೆಂಕಿ ಅಂದ್ರೇನು ಅಂತ ಗೊತ್ತಾಗಿರೋದು."

"ಇದ್ಲು ಸೆಕುರು. ಹೊಗೆ ತಡೀಲಾರದೆ ತವರಿಗೆ ಹೋದ್ಲು."

ಇಬ್ಬರೂ ಒಲೆಯ ಮುಂದೆ ಕೂತು ಒಂದೇ ತಟ್ಟೆಯಲ್ಲಿ ಸುಟ್ಟ ಜೋಳ ತಿನ್ನುವುದನ್ನು ಮೆರ್ಲ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಈ ದೇಶದಲ್ಲಿ ಬದುಕಬಹುದು ಎಂದು ಅವಳಿಗೆ ಮೊದಲ ಸಲ ಅನ್ನಿಸಿದ್ದು ಆಗ.

ಫೆಬ್ರುವರಿಯ ಒಂದು ಮಧ್ಯಾಹ್ನ ಜಿನುಗು ಮಳೆ. ರಾಯ್ಡನ್ ತಪೇರಾನ ಜೊತೆ ದೂರದ ಹೊಲದಲ್ಲಿದ್ದ. ನಡುವಿನ ಬ್ಯಾರನ್‌ನಲ್ಲಿ ಸೊಪ್ಪಿನ ದಂಟು ಒಣಗುವ ಹಂತ. ಶಾಖ ಅತಿ ಹೆಚ್ಚು ಬೇಕಾಗುವ, ಅತಿ ಎಚ್ಚರದಿಂದಿರಬೇಕಾದ ಹೊತ್ತು. ಹೊರೇಸ್ ಬಲಗೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಜಗಲಿಗೆ ಬಂದ. ಮೆರ್ಲ್ ಕೈ ಎಳೆದು ನೋಡಿದಳು. ಅಂಗೈ ಪೂರ್ತಿ ಬೊಬ್ಬೆ.

"ಏನ್ಮಾಡ್ಕೊಂಡ್ರಿ ಮಾವ?"

"ಒಲೆ ಬಾಗಿಲು ಮುಟ್ಟಿದೆ. ಮುಸಾನ ಊಟಕ್ಕೆ ಕಳಿಸಿದೆ ಮಗಳೇ. ಪಾಪ, ಬೆಳಗ್ಗಿಂದ ಹಸ್ಕೊಂಡಿದ್ದ. ನಾನು ನೋಡ್ಕೋತೀನಿ, ನೀನು ಹೋಗು ಅಂದೆ."

ಅವಳು ಬೋಗುಣಿಗೆ ತಣ್ಣೀರು ಸುರಿದು ಕೈ ಅದ್ದಿದಳು. "ಸೌದೆ ಎಷ್ಟು ಹಾಕಿದ್ರಿ?"

"ತುಂಬಾ ಹಾಕಿದೆ. ನೆಂದ ಸೌದೆ, ಹತ್ತಲೇ ಇಲ್ಲ. ಡೀಸೆಲ್ ಸುರಿದೆ."

ಅವಳು ತಲೆಯೆತ್ತುವಷ್ಟರಲ್ಲಿ ಬ್ಯಾರನ್ನಿನ ಮಾಡಿನಿಂದ ಹಳದಿ ಹೊಗೆ ಏಳುತ್ತಿತ್ತು. ಕಾದು ಕೆಂಪಾದ ಕೊಳವೆಯ ಮೇಲೆ ಒಂದು ಒಣ ಎಲೆ ಉದುರಿದರೂ ಸಾಕು. ಅವಳು ಕಿರುಚುತ್ತಾ ಓಡಿದಳು. ಜುವಾವು ಬಾಯಲ್ಲಿ ತುತ್ತು ಇಟ್ಟುಕೊಂಡೇ ಕೂಲಿಯವರ ಗುಡಿಸಲಿನಿಂದ ಓಡಿ ಬಂದ. ಬಾಗಿಲು ತೆಗೆಯಬಾರದು ಎಂದು ಗೊತ್ತಿದ್ದೂ ಯಾರೋ ಗಾಬರಿಯಲ್ಲಿ ತೆಗೆದರು. ಗಾಳಿ ಒಳನುಗ್ಗಿತು. ನಡುವಿನ ಬ್ಯಾರನ್ ಕುಸಿಯುವಾಗ ಪಕ್ಕದ್ದಕ್ಕೂ ಹತ್ತಿತು. ರಾಯ್ಡನ್ ಬಂದಾಗ ಗೋಡೆಗಳಷ್ಟೇ ನಿಂತಿದ್ದವು. ಅವನು ಮಳೆಯಲ್ಲಿ ನಿಂತು ನೋಡಿದ. ಹರಾರೆಯ ಕೋಣೆಯಲ್ಲಿದ್ದ ಅದೇ ಕಣ್ಣು. ಮೆರ್ಲ್ ಡೀಸೆಲ್ಲಿನ ಮಾತು ಎತ್ತದೆ ಮಾವನ ಕೈಗೆ ಬಟ್ಟೆ ಸುತ್ತಲು ಒಳಗೆ ಹೋದಳು.

ಮರುದಿನ ಪೇಟೆಯ ಠಾಣೆಯಿಂದ ಒಬ್ಬ ದಫೇದಾರ ಇಬ್ಬರು ಪೊಲೀಸರ ಜೊತೆ ಬಂದ. ಒಲೆಯ ಹತ್ತಿರ ಡೀಸೆಲ್ ಡಬ್ಬಿ ಸಿಕ್ಕಿತು. ಬೂದಿಯಾಗ್ಲಿ ಎಂದವನ ಹೆಸರು ಕೂಲಿಯವರ ಬಾಯಿಂದ ಹೊರಬರಲು ಬಹಳ ಹೊತ್ತು ಹಿಡಿಯಲಿಲ್ಲ.

"ನಾನ್ಯಾಕೆ ಸುಡ್ಲಿ? ನನ್ನ ಕೈಯಾರೆ ಹದ ಮಾಡಿದ ಸೊಪ್ಪು ಅದು," ಅಂದ ಜುವಾವು. "ಸೆಕುರು ಉಣ್ಣೋಕೆ ಹೋಗು ಅಂದ್ರು, ಹೋದೆ. ಅವರನ್ನೇ ಕೇಳಿ."

ದಫೇದಾರ ಮುದುಕನನ್ನು ಕೇಳಿದ. ಹೊರೇಸ್ ಕಂಬಳಿ ಹೊದ್ದು ಜಗಲಿಯ ಕುರ್ಚಿಯಲ್ಲಿದ್ದ. ಕೈ ಕಂಬಳಿಯೊಳಗಿತ್ತು.

"ನಾನಾ? ಬ್ಯಾರನ್ ಕಡೆ ಹೋಗಿ ವಾರ ಆಯ್ತು," ಅಂದ ಪ್ರಾಮಾಣಿಕವಾಗಿ. "ಯಾಕೆ, ಏನಾಯ್ತು?"

ದಫೇದಾರ ಮೆರ್ಲ್ ಕಡೆ ತಿರುಗಿದ. "ಸೆನ್ಯೋರಾ, ಬೆಂಕಿ ಬಿದ್ದಾಗ ನಿಮ್ಮ ಮಾವ ಎಲ್ಲಿದ್ರು?"

ರಾಯ್ಡನ್ ಅವಳನ್ನೇ ನೋಡುತ್ತಿದ್ದ. ಒಂದು ಹೊಲ ಕಳೆದುಕೊಂಡ ಮೇಲೆ ಎರಡನೆಯದಕ್ಕೆ ತನ್ನ ಅಪ್ಪನೇ ಕೊಳ್ಳಿಯಿಟ್ಟ ಎಂದು ತಿಳಿದರೆ ಈ ಮನುಷ್ಯ ಮತ್ತೆ ಏಳುವುದಿಲ್ಲ ಎಂದು ಅವಳಿಗನ್ನಿಸಿತು. ಜುವಾವುವನ್ನು ಎರಡು ದಿನ ಕೂಡಿಹಾಕಿ ಬಿಡುತ್ತಾರೆ, ಆಮೇಲೆ ತಾನೇ ಹೇಗಾದರೂ ಸರಿಮಾಡಬಹುದು ಎಂದೂ ಅನ್ನಿಸಿತು.

"ನನ್ನ ಜೊತೇಲೇ ಇದ್ರು. ಇಲ್ಲೇ, ಮಧ್ಯಾಹ್ನ ಪೂರ್ತಿ."

ಜುವಾವು ಅವಳ ಮುಖ ನೋಡಿದ. ಕೋಪದಿಂದಲ್ಲ; ಮಾತು ಸರಿಯಾಗಿ ಕೇಳಿಸದವನು ಇನ್ನೊಮ್ಮೆ ಹೇಳಲಿ ಎಂದು ಕಾಯುವ ಹಾಗೆ. ಅವಳು ಇನ್ನೊಮ್ಮೆ ಹೇಳಲಿಲ್ಲ. ಅವನನ್ನು ಕೈ ಹಿಂದೆ ಕಟ್ಟಿ ಜೀಪಿಗೆ ಹತ್ತಿಸಿದರು.

ನಾಳೆ ಹೋಗಿ ಹೇಳುತ್ತೇನೆ ಎಂದುಕೊಂಡಳು. ಮರುದಿನವೂ ಹಾಗೇ ಅಂದುಕೊಂಡಳು. ಒಮ್ಮೆ ಊಟದ ಹೊತ್ತಿನಲ್ಲಿ, "ಅವನನ್ನ ಬಿಡಿಸ್ಕೊಂಡು ಬಾ ರಾಯ್, ಸಾಕು," ಅಂದಳು. "ಪೊಲೀಸರ ಕೆಲಸ ಪೊಲೀಸರು ಮಾಡ್ಲಿ," ಅಂದ ಅವನು ತಟ್ಟೆಯಿಂದ ಕಣ್ಣು ತೆಗೆಯದೆ. ಮುದುಕ ಮುಸಾ ಎಲ್ಲಿ ಎಂದು ಕೇಳುತ್ತಲೇ ಇದ್ದ. ಅವನ ಅಂಗೈಗೆ ಮುಲಾಮು ಹಚ್ಚುವಾಗ ಮೆರ್ಲ್ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಆ ವಾರದ ಕೊನೆಗೆ ಒಂದು ಬೆಳಿಗ್ಗೆ ಜೆಫಾ ಅಂಗಳದಲ್ಲಿ ನಿಂತಿದ್ದಳು. ಅವಳ ಹಿಂದೆ ಕತ್ತೆಗಾಡಿ. ಗಾಡಿಯಲ್ಲಿ ಹುಲ್ಲಿನ ಮೇಲೆ ಜುವಾವು.

"ಬಿಟ್ರು," ಅಂದಳು ಜೆಫಾ. "ಉಚ್ಚೇಲಿ ರಕ್ತ ಬರ್ತಿದೆ. ನಿನ್ನ ಗಾಡಿ ಬೇಕು. ದೊಡ್ಡಾಸ್ಪತ್ರೆಗೆ."

ಮೆರ್ಲ್ ಒಳಹೋಗಿ ಪಿಕಪ್‌ನ ಕೀಲಿ ತಂದಳು. ಅವನನ್ನು ಎತ್ತಿ ಹಿಂಬದಿಯಲ್ಲಿ ಹಾಸಿದ ಹಾಸಿಗೆಯ ಮೇಲೆ ಮಲಗಿಸುವಾಗ ಕಾಲ ಕಡೆ ತಪೇರಾ, ತಲೆಯ ಕಡೆ ಅವಳು. ಊದಿದ ಮುಖದಲ್ಲಿ ಒಂದೇ ಕಣ್ಣು ತೆರೆದಿತ್ತು.

"ಮಾಯಿ ಬ್ರಯನಿ," ಅಂದ, ಊರಿನ ವಾಡಿಕೆಯಂತೆ ಬ್ರಯನಿಯ ತಾಯಿ ಎಂದು ಕರೆದು, "ಸೆಕುರು ಕೈ ವಾಸಿ ಆಯ್ತಾ?"

ಊಟ ಬಿಟ್ಟು ಜಗಲಿಯ ಮುಂದೆ ಹಾದು ಬೆಂಕಿಯ ಕಡೆ ಓಡಿದಾಗಲೇ ಅವನು ಮುದುಕನ ಕೈ ನೋಡಿದ್ದ, ಬೋಗುಣಿ ನೋಡಿದ್ದ. ಠಾಣೆಯಲ್ಲಿ ಅದನ್ನೂ ಹೇಳಿರಬೇಕು. ಬಿಳಿ ಹೆಂಗಸು ಇಲ್ಲವೆಂದ ಮೇಲೆ ಯಾರು ಕೇಳಿಸಿಕೊಳ್ಳುತ್ತಾರೆ?

ರಸ್ತೆ ತುಂಬಾ ಗುಂಡಿ. ಹಿಂದೆ ಜೆಫಾ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೆರ್ಲ್ ಕುಲುಕದಂತೆ, ಆದರೆ ಬೇಗ, ಆದರೆ ಕುಲುಕದಂತೆ ಓಡಿಸಲು ನೋಡಿದಳು. ಡಾಂಬರು ರಸ್ತೆ ಸಿಗುವ ಮುಂಚೆ ಜೆಫಾ ಹಿಂದಿನಿಂದ ಗಾಡಿಯ ಮಾಡಿನ ತಗಡು ಬಡಿದಳು. ನಿಲ್ಲಿಸಿ ಇಳಿದಳು.

"ನಿಧಾನಕ್ಕೆ ಹೋಗು," ಅಂದಳು ಜೆಫಾ. "ಇನ್ನೇನೂ ಅವಸರ ಇಲ್ಲ."

ಜುವಾವುವನ್ನು ಹೂತ ದಿನ ಸಂಜೆ ಮೆರ್ಲ್ ಗಂಡನ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಡೀಸೆಲ್, ಬೊಬ್ಬೆ, ತಾನಾಡಿದ ಸುಳ್ಳು. ರಾಯ್ಡನ್ ತನ್ನ ಬೂಟಿನ ಕೆಸರು ಕೆರೆಯುತ್ತಿದ್ದ.

"ಗೊತ್ತಿತ್ತು," ಅಂದ.

"ಏನು?"

"ಅವತ್ತೇ ಗೊತ್ತಾಯ್ತು. ಅಪ್ಪನ ಅಂಗಿ ತೋಳು ಡೀಸೆಲ್ ನಾತ ಹೊಡೀತಿತ್ತು. ನೀನು ಹೇಳಿಬಿಡ್ತೀಯ ಅಂತ ಹೆದರಿಕೊಂಡು ನಿಂತಿದ್ದೆ. ಹೇಳಲಿಲ್ಲ. ನಂಗೆ ಜೀವ ಬಂದ ಹಾಗಾಯ್ತು."

"ನಿಂಗೋಸ್ಕರ ಸುಳ್ಳು ಹೇಳಿದೆ ನಾನು! ನೀನು ತಡ್ಕೊಳಲ್ಲ ಅಂತ!"

"ನಾನು ಕೇಳಿದ್ನಾ?"

ಅವಳು ಅವನ ಮುಖ ನೋಡಿದಳು. ಈ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸಲು ತಾನು ಇಲ್ಲಿಯವರೆಗೆ ಬಂದದ್ದು. ಅವನು ನಿಂತಿದ್ದ. ಬೇಕಾಗಿದ್ದಕ್ಕಿಂತ ಗಟ್ಟಿಯಾಗಿಯೇ ನಿಂತಿದ್ದ.

ಮರುದಿನ ಅವಳು ಠಾಣೆಗೆ ಹೋದಳು. ದಫೇದಾರ ಕುರ್ಚಿ ಒರೆಸಿ ಕೂರಿಸಿದ, ಕೇಳಿಸಿಕೊಂಡ. "ಸೆನ್ಯೋರಾ, ಇಲ್ಲಿಂದ ಹೋಗುವಾಗ ಅವನು ಬದುಕಿದ್ದ. ಕಡತ ಮುಚ್ಚಿದೆ. ನೀವು ದುಃಖದಲ್ಲಿದ್ದೀರಿ, ಮನೆಗೆ ಹೋಗಿ ಮಲಗಿ," ಅಂದ. ಅವಳು ಎರಡನೇ ಸಲ ಹೇಳಿದಾಗ ಎದ್ದು ಬಾಗಿಲು ತೆರೆದು ಹಿಡಿದ.

ಆಗ ಅವಳು ಊರ ಮುಖಂಡನ ಹತ್ತಿರ ಹೋದಳು. ಅವನು ಜನ ಸೇರಿಸಿದ. ಮಾವಿನ ಮರದ ಕೆಳಗೆ, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ ಕೂತಿದ್ದಾಗ, ಮೆರ್ಲ್ ನೆಲದ ಮೇಲೆ ಕಾಲು ಮಡಿಸಿ ಕೂತು ಹೇಳಿದಳು. ಎಲ್ಲಿಯೂ ಗಂಡನ ಹೆಸರು ತರಲಿಲ್ಲ. ಹೇಳಿ ಮುಗಿದ ಮೇಲೆ ಒಂದು ಕೂಸು ಅತ್ತಿತು, ಅದರ ತಾಯಿ ಅದಕ್ಕೆ ಮೊಲೆ ಕೊಟ್ಟಳು.

"ಅನ್ಯಾಯವಾಗಿ ಸತ್ತವನು ಸುಮ್ಮನಿರಲ್ಲ," ಅಂದ ಮುಖಂಡ. "ಕೊಂದವರ ಮನೆ ಸುತ್ತಾನೆ. ಆ ಹೊಲದಲ್ಲಿ ಇನ್ನು ಯಾರೂ ಕೆಲಸ ಮಾಡಲ್ಲ. ದನ ಕೊಡಬೇಕಾಗುತ್ತೆ. ಅವನ ಜಾಗಕ್ಕೆ ಒಂದು ಜೀವ ಕೊಡಬೇಕಾಗುತ್ತೆ, ನಮ್ಮ ಹಿರೀಕರ ಕಾಲದಲ್ಲಾಗಿದ್ರೆ."

"ನಂಗೆ ದನ ಬೇಡ," ಅಂದಳು ಜೆಫಾ. ಎಲ್ಲರೂ ಅವಳ ಕಡೆ ತಿರುಗಿದರು. "ದನ ಗುದ್ದಲಿ ಹಿಡಿಯುತ್ತಾ? ಅವನು ನನ್ನ ಹೊಲ ಅಗೀತಿದ್ದ. ಇವಳು ಅಗೀಲಿ. ಈ ಬೆಳೆ, ಮುಂದಿನ ಬೆಳೆ. ಅದು ಮನೆಗೆ ಬರೋ ತನಕ."

"ಬಿಳಿ ಹೆಂಗಸು ಅಂಬುಯಾ, ಒಂದೇ ದಿನಕ್ಕೆ ಬಿದ್ದುಹೋಗ್ತಾಳೆ," ಎಂದು ಯಾರೋ ಅಂದರು.

"ಬಿದ್ರೆ ಬೀಳ್ಲಿ."

ಕೂಲಿಯವರು ಅದಾಗಲೇ ಗಂಟುಮೂಟೆ ಕಟ್ಟಿದ್ದರು. ಉಳಿದ ಸೊಪ್ಪು ಗಿಡದಲ್ಲೇ ಹಣ್ಣಾಗಿ ಕೊಳೆಯಿತು. ತಪೇರಾ ಟೋಪಿ ಕೈಯಲ್ಲಿ ಹಿಡಿದು, "ಮರೊಂಡೆರಾದಿಂದ ನಿಮ್ಮ ಜೊತೆ ಬಂದೆ ಬಾಸ್. ಇದಕ್ಕೆ ಮಾತ್ರ ಬರಲ್ಲ," ಎಂದು ಹೇಳಿ ಗಡಿಯ ಕಡೆ ನಡೆದ. ರಾಯ್ಡನ್ ಟ್ರ್ಯಾಕ್ಟರನ್ನು ಲಾರಿಗೆ ಹತ್ತಿಸಿದ.

"ಹುಚ್ಚು ಬಿಡು ಮೆರ್ಲ್, ಹತ್ತು," ಅಂದ. "ಜಾಂಬಿಯಾದಲ್ಲಿ ಕೆಲಸ ಇದೆಯಂತೆ. ಬೇರೆಯವರ ಹೊಲ ನೋಡ್ಕೊಳ್ಳೋದು. ಅಪ್ಪನ್ನ ತಂಗಿ ಮನೇಲಿ ಬಿಡೋಣ."

"ನೀನು ಹೋಗು. ನಾನು ಆಮೇಲೆ ಬರ್ತೀನಿ."

"ಅಮ್ಮ, ಆಮೇಲೆ ಅಂದ್ರೆ ಯಾವಾಗ?" ಎಂದು ಬ್ರಯನಿ ಕೇಳಿದಳು. ಮುಂದಿನ ಬೆಳೆ ಮನೆಗೆ ಬಂದ ಮೇಲೆ ಎಂದು ಮೆರ್ಲ್ ಹೇಳಿದಾಗ ಆ ಹುಡುಗಿ ಮುಖ ತಿರುಗಿಸಿಕೊಂಡು ಲಾರಿ ಹತ್ತಿದಳು. ಮುದುಕ ಕಿಟಕಿಯಿಂದ ಕೈಬೀಸಿದ. ಪೇಟೆಗೆ ಹೋಗುತ್ತಿದ್ದೇವೆ ಎಂದುಕೊಂಡಿದ್ದ.

ಮೆರ್ಲ್ ಇಟ್ಟಿಗೆ ಮನೆಯಲ್ಲಿ ಒಬ್ಬಳೇ ಉಳಿದಳು. ಬೆಳಿಗ್ಗೆ ಹೊಳೆಯ ತಿರುವಿಗೆ ಹೋದರೆ ಜೆಫಾ ಗುದ್ದಲಿ ಕೊಡುತ್ತಿದ್ದಳು, ಸಂಜೆ ತೆಗೆದುಕೊಳ್ಳುತ್ತಿದ್ದಳು. ಕೈ ಬೊಬ್ಬೆಯೆದ್ದು ಒಡೆದು ಗಟ್ಟಿಯಾಯಿತು. ಜ್ವರ ಬಂದು ಮಲಗಿದಾಗ ಜೆಫಾ ನೋಡಲು ಬರಲಿಲ್ಲ. ಬಾಗಿಲ ಬಳಿ ನೀರಿನ ಕೊಡ ಮಾತ್ರ ಇರುತ್ತಿತ್ತು, ಯಾರು ಇಟ್ಟರೋ ಗೊತ್ತಿಲ್ಲ. ಜೂನ್‌ನಲ್ಲಿ ಹೊರೇಸ್ ಸತ್ತ ಸುದ್ದಿ ಬಂತು.

"ನಮ್ಮ ಮಾವ ತೀರ್ಕೊಂಡ್ರು ಅಂಬುಯಾ. ಹೋಗಿ ಬರ್ಲಾ?"

ಜೆಫಾ ಗುದ್ದಲಿಯನ್ನು ಗೋಡೆಗೆ ಒರಗಿಸಿದಳು. ಹೋಗು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಹರಾರೆಯಲ್ಲಿ ಮಣ್ಣಾದ ಮೇಲೆ ರಾಯ್ಡನ್ ಅವಳ ಕೈ ಹಿಡಿದು ನೋಡಿ, "ಇನ್ನು ವಾಪಸ್ ಹೋಗಲ್ಲ ತಾನೇ?" ಅಂದ. ಬ್ರಯನಿ ಅವಳ ಹತ್ತಿರ ಸುಳಿಯಲಿಲ್ಲ. ಬಸ್ ನಿಲ್ದಾಣದಲ್ಲಿ ಮೆರ್ಲ್ ಬೆಂಚಿನ ಮೇಲೆ ಕೂತು ಅತ್ತಳು, ಆಮೇಲೆ ಗಡಿಯ ಬಸ್ಸು ಹತ್ತಿದಳು. ಅವಳು ವಾಪಸು ಬಂದುದನ್ನು ನೋಡಿ ಊರವರು ಹುಬ್ಬೇರಿಸಿದರು. ಜೆಫಾ ಗುದ್ದಲಿ ಕೊಟ್ಟಳು.

ಮುಂದಿನ ಮಳೆ ತಡವಾಗಿ ಬಂತು, ಆದರೂ ಬೆಳೆ ಕೈಕೊಡಲಿಲ್ಲ. ಏಪ್ರಿಲ್‌ನಲ್ಲಿ ಇಬ್ಬರೂ ಜೋಳ ಮುರಿದು, ಹೊತ್ತು ತಂದು, ಒಣಗಿಸಿ, ಬಡಿದರು. ಕೊನೆಯ ದಿನ ಜೆಫಾ ಒಂದು ಚೀಲಕ್ಕೆ ಜೋಳ ತುಂಬಿ, ಬಾಯಿ ಹೊಲಿದು, ಮೆರ್ಲ್‌ಳ ಮುಂದೆ ನೂಕಿದಳು. ಯಾವ ಆಳಿಗಾದರೂ ಕೊಡುವಷ್ಟೇ.

"ತಗೊಂಡು ಹೋಗು."

"ಅಂಬುಯಾ, ನಾಳೆ?"

"ನಾಳೆ ನನ್ನ ಹೊಲ ನಾನು ನೋಡ್ಕೋತೀನಿ. ನಿನ್ನ ಮುಖ ನೋಡಿ ನೋಡಿ ಸಾಕಾಗಿದೆ."

ಮೆರ್ಲ್‌ಗೆ ಕೇಳಬೇಕೆನಿಸಿದ್ದು ಬೇರೆ. ಅದನ್ನು ಕೇಳುವ ಹಕ್ಕು ತನಗಿಲ್ಲ ಎಂದು ಅವಳಿಗೆ ತಿಳಿದಿತ್ತು. ಚೀಲ ಎತ್ತಲು ಬಗ್ಗಿದಳು, ಒಬ್ಬಳಿಂದ ಆಗಲಿಲ್ಲ. ಜೆಫಾ ಇನ್ನೊಂದು ತುದಿ ಹಿಡಿದು ಎತ್ತಿ ಅವಳ ತಲೆಯ ಮೇಲಿಟ್ಟು, ತಿರುಗಿ ಗುಡಿಸಲೊಳಗೆ ಹೋದಳು.

ರಸ್ತೆಗೆ ಬಂದ ಮೆರ್ಲ್ ಚೀಲ ಇಳಿಸಿ ಅದರ ಮೇಲೆಯೇ ಕೂತು ಲಾರಿಗೆ ಕಾದಳು. ಜಾಂಬಿಯಾದಲ್ಲಿ ರಾಯ್ಡನ್ ಬೇರೆಯವರಿಗಾಗಿ ಬ್ಯಾರನ್ ಕಟ್ಟಿಸುತ್ತಿದ್ದ. ಅವಳು ಅಲ್ಲಿಗೆ ಹೋದಳು, ಮಗಳಿಗಾಗಿ. ಬ್ರಯನಿ ಅವಳ ಜೊತೆ ಮಾತಾಡಲು ಆ ಚಳಿಗಾಲ ಪೂರ್ತಿ ಹಿಡಿಯಿತು.

ಗಂಡಹೆಂಡಿರು ಒಂದೇ ಮನೆಯಲ್ಲಿದ್ದರು, ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ಜುವಾವುವಿನ ಹೆಸರನ್ನು ಅವನು ಎತ್ತಲಿಲ್ಲ. ಅವಳು ಮಾತ್ರ, ಯಾರಾದರೂ ಮೊಜಾಂಬಿಕ್ ಬಿಟ್ಟು ಯಾಕೆ ಬಂದಿರಿ ಎಂದು ಕೇಳಿದರೆ, ಅವನು ಅಲ್ಲೇ ಕೂತಿದ್ದರೂ, ಮೊದಲಿಂದ ಕೊನೆಯವರೆಗೆ ಹೇಳುತ್ತಿದ್ದಳು.